ಅಗಸೆ ಲೋಳೆಗೂ ಒಂದು ಥ್ಯಾಂಕ್ಸ್

ಹೋದ ಭಾನುವಾರ ನನ್ನ ಮಗಳು ಕನ್ನಡಿ ಮುಂದೆ ಕೂತು, ತಲೆಯಲ್ಲಿ ಉಳಿದಿದ್ದ ಕೊನೆಯ ನೇರ ಕೂದಲನ್ನು ತಾನೇ ಕತ್ತರಿಸಿಕೊಂಡಳು. ತನ್ನ ಹುಟ್ಟು ಸುರುಳಿ ಕೂದಲು ಬೆಳೆದು ಬರಲಿ ಅಂತ 22 ತಿಂಗಳು ಕಾದಿದ್ದಳು. ನೆಲಕ್ಕೆ ಬಿದ್ದದ್ದು ಒಂದು ಹಿಡಿಯಷ್ಟೂ ಇರಲಿಲ್ಲ. ನಾನು ಮಾತ್ರ ಬಾಗಿಲ ಹತ್ತಿರ ಅಳುತ್ತಾ ನಿಂತಿದ್ದೆ.

ಥ್ಯಾಂಕ್ಸ್ ಹೇಳುವ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅವಳಿಗೆ ಒಂಬತ್ತು ವರ್ಷವಾದಾಗ ಸುರುಳಿ ಕೂದಲನ್ನು ನೇರ ಮಾಡುವ ರಿಲ್ಯಾಕ್ಸರ್ ಹಾಕಿಸಿದವಳು ನಾನೇ. ಅವಳಪ್ಪ ನ್ಯೂಜೆರ್ಸಿಯ ನೆವಾರ್ಕ್‌ನ ಕಪ್ಪು ಅಮೆರಿಕನ್, ನಾನು ಗದಗದವಳು. ಕೊಬ್ಬರಿ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಿಗಿಯಾಗಿ ಎರಡು ಜಡೆ ಹಾಕುವುದಷ್ಟೇ ನನಗೆ ಗೊತ್ತಿದ್ದದ್ದು. ಒಣ ಕೂದಲಿಗೆ ಬುಡದಿಂದಲೇ ಬಾಚಣಿಗೆ ಹಾಕುತ್ತಿದ್ದೆ. ಅವಳು ಅಳುತ್ತಿದ್ದಳು, ಅಷ್ಟರಲ್ಲಿ ಸ್ಕೂಲ್ ಬಸ್ ಹೋಗಿರುತ್ತಿತ್ತು. ಕೊನೆಗೆ ಸಲೂನ್‌ಗೆ ಕರೆದುಕೊಂಡು ಹೋದೆ.

ರಿಲ್ಯಾಕ್ಸರ್ ಅಂದರೆ ಕ್ಷಾರ. ಸೋಡಿಯಂ ಹೈಡ್ರಾಕ್ಸೈಡ್, ಇಲ್ಲವೇ ಅದರ ದಾಯಾದಿ. ಕೂದಲಿಗೆ ಸುರುಳಿಯ ಆಕಾರ ಕೊಡುವ ಬಂಧಗಳನ್ನೇ ಮುರಿಯುತ್ತದೆ. ಬುಡದಲ್ಲಿ ಹೊಸ ಕೂದಲು ಬಂದಂತೆಲ್ಲ ಮತ್ತೆ ಹಚ್ಚಬೇಕು. ಒಂದು ಸಲ ಕಿವಿ ಹಿಂದೆ ಸುಟ್ಟು ಹಕ್ಕಳೆ ಕಟ್ಟಿತ್ತು. "ಸ್ವಲ್ಪ ಉರಿಯತ್ತೆ, ತಡ್ಕೋ" ಅಂದವಳೂ ನಾನೇ. ಇಂಥ ಕೂದಲು ನೇರ ಮಾಡುವ ಪದಾರ್ಥಗಳನ್ನು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ ಕಂಡಿದೆ ಅಂತ 2022ರ ಅಕ್ಟೋಬರ್‌ನಲ್ಲಿ ಇಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ್ದರು. ಕಾರಣ ಅದೇ ಅಂತ ಸಾಬೀತಾಗಿಲ್ಲ, ನಿಜ. ಆದರೆ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳಿಗೆ ಹೇಳಿದರೆ, "ನಾನೇ ಬೇಡ ಅನ್ನೋಣ ಅಂತಿದ್ದೆ" ಅಂದಳು. ಅಲ್ಲಿಗೆ ರಿಲ್ಯಾಕ್ಸರ್ ನಿಂತಿತು, ಸುರುಳಿಗಾಗಿ ಕಾಯುವುದು ಶುರುವಾಯಿತು.

ಮೊದಲ ಥ್ಯಾಂಕ್ಸ್ ನಮ್ಮ ಅತ್ತೆಗೆ. ಅವರ ಕಾಲದಲ್ಲಿ ಈಸ್ಟರ್ ಹಿಂದಿನ ದಿನ ಕಬ್ಬಿಣದ ಬಾಚಣಿಗೆಯನ್ನು ಒಲೆ ಮೇಲೆ ಕಾಯಿಸಿ ಕೂದಲು ನೇರ ಮಾಡುತ್ತಿದ್ದರಂತೆ. "ಕಿವಿ ಮಡಚಿ ಹಿಡ್ಕೋ" ಅನ್ನುತ್ತಿದ್ದರಂತೆ ಅವರಮ್ಮ. ಕಿವಿ ತುದಿಯಲ್ಲಿ ಕಲೆ ಇನ್ನೂ ಇದೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮೊಮ್ಮಗಳನ್ನು ಮಂಡಿ ನಡುವೆ ಕೂರಿಸಿಕೊಂಡು, ನನ್ನ ಕೈ ಹಿಡಿದು ತೋರಿಸಿದರು. ಕೂದಲು ಒದ್ದೆ ಇರಬೇಕು, ಕಂಡಿಷನರ್ ಇರಬೇಕು, ಸಿಕ್ಕು ಬಿಡಿಸುವುದು ತುದಿಯಿಂದ ಮೇಲಕ್ಕೆ. ಹಳೇ ನೇರ ಕೂದಲು ಹೊಸ ಸುರುಳಿಗೆ ಸೇರುವ ಕಡೆ ಬೆರಳು ಹಗುರ ಇರಬೇಕು, ಅಲ್ಲೇ ಪಟ್ ಅಂತ ತುಂಡಾಗುವುದು. ಒಂದು ದಿನ "ಕಿಚನ್ ಮರೀಬೇಡ" ಅಂದರು. ನಾನು ಗ್ಯಾಸ್ ಆಫ್ ಮಾಡಲು ಓಡಿದೆ! ಕತ್ತಿನ ಹಿಂದಿನ ಗಟ್ಟಿ ಸುರುಳಿಗೆ ಅವರ ಕಡೆ ಹಾಗೆ ಹೇಳುತ್ತಾರೆ.

ಸುರುಳಿ ನಿಲ್ಲಲು ಅಗಸೆ ಬೀಜದ ಲೋಳೆ ಹಚ್ಚಬೇಕು ಅಂದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಅಗಸಿ ಅಂದರೆ ಚಟ್ನಿಪುಡಿ! ಕಾಲು ಕಪ್ ಬೀಜ, ಎರಡು ಕಪ್ ನೀರು. ಮೊಟ್ಟೆಯ ಬಿಳಿ ಲೋಳೆ ಹಾಗೆ ಎಳೆ ಬರುವವರೆಗೆ ಕುದಿಸಿ, ಬಿಸಿ ಇರುವಾಗಲೇ ಸೋಸಬೇಕು. ಆರಿದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಮೂರು ಸಲ ಹಾಳು ಮಾಡಿದ ಮೇಲೆ ಕಲಿತದ್ದು ಇದು.

ಜಡೆ ಹಾಕಿಕೊಡುವ ಸೆನೆಗಲ್‌ನ ಅಕ್ಕನಿಗೂ ಥ್ಯಾಂಕ್ಸ್. ಐದು ಗಂಟೆ ನಿಂತೇ ಹಾಕುತ್ತಾರೆ. "ಇನ್ನೂ ಬಿಗಿಯಾಗಿರಲಿ" ಅಂದ ನನಗೆ, ಹಣೆ ಅಂಚಿನ ಕೂದಲು ಹೋದರೆ ವಾಪಸ್ ತರುವವರು ಯಾರು ಅಂತ ಕೇಳಿದರು.

ಆಮೇಲೆ ಗದಗದ ನಮ್ಮವ್ವ. ವಿಡಿಯೋ ಕಾಲ್‌ನಲ್ಲಿ "ಏನವಾ ಇದು, ಎಣ್ಣಿ ಕಾಣದ ತಲಿ" ಅಂದಿದ್ದಳು. ಹತ್ತಿ ದಿಂಬು ಕೂದಲಿನ ಪಸೆ ಹೀರುತ್ತದೆ, ರೇಷ್ಮೆ ಒಳ್ಳೇದು ಅಂತ ಹೇಳಿದ್ದೇ ತಡ, ತನ್ನ ಹಳೇ ಮೈಸೂರು ರೇಷ್ಮೆ ಸೀರೆ ಕತ್ತರಿಸಿ ನಾಲ್ಕು ದಿಂಬಿನ ಕವರ್ ಹೊಲಿಸಿ ಕಳಿಸಿದಳು. ಒಂದಕ್ಕೆ ಜರಿ ಅಂಚು ಬೇರೆ. ಅದು ಕೆನ್ನೆಗೆ ಚುಚ್ಚುತ್ತದೆ, ಅವ್ವನಿಗೆ ಹೇಳಿಲ್ಲ.

ಕೂದಲಿನ ಕಾರಣಕ್ಕೆ ಯಾರನ್ನೂ ಶಾಲೆಯಲ್ಲಿ, ಕೆಲಸದಲ್ಲಿ ದೂರ ಇಡಬಾರದು ಅಂತ ನ್ಯೂಜೆರ್ಸಿಯಲ್ಲಿ 2019ರ ಡಿಸೆಂಬರ್‌ನಲ್ಲೇ ಕಾನೂನು ಆಗಿದೆ. ಅದಕ್ಕಾಗಿ ಹೋರಾಡಿದವರೆಲ್ಲರಿಗೂ ಈ ಅಮ್ಮನ ನಮಸ್ಕಾರ.

ಈಗ ಅವಳ ಕೂದಲು ಎಳೆದರೆ ಹೆಗಲಿಗೆ, ಬಿಟ್ಟರೆ ಕಿವಿಗೆ. ಕತ್ತರಿಸಿ ಮುಗಿದ ಮೇಲೆ "ಒಂದು ಸಲ ಕೈ ಆಡಿಸಲಾ?" ಅಂತ ಕೇಳಿದೆ.

"ಕೈ ತೊಳ್ಕೊಂಡು ಬಾ ಅಮ್ಮ, ಚಟ್ನಿಪುಡಿ ವಾಸನೆ" ಅಂದಳು.