ಪುಟ್ಟೀ, ರಾತ್ರಿ ಊಟ ಬಿಡಬೇಡ

ಮೈಸೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ರಾತ್ರಿ ಊಟ ಬಿಟ್ಟಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಹೊಟ್ಟೆ ಬರುತ್ತಿದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ, ನಡುರಾತ್ರಿ ಮೈ ಬಿಸಿಯಾಗಿ ಬೆವತು ಎದ್ದು ಕೂರುತ್ತೀಯ, ಸಿಟ್ಟಂತೂ ಮೂಗಿನ ತುದಿಯಲ್ಲೇ. ನಿನಗೀಗ 47. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ ಮುಟ್ಟು ನಿಲ್ಲುವುದು ಹೆಚ್ಚುಕಮ್ಮಿ ಈ ವಯಸ್ಸಿನಲ್ಲೇ. 12 ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಅಲ್ಲಿಯವರೆಗೆ ಈ ಏರುಪೇರು ಕೆಲವು ವರ್ಷ ನಡೆಯಬಹುದು. ಬಸಿರಾಗುವ ಸಾಧ್ಯತೆಯೂ ಇದ್ದೇ ಇರುತ್ತದೆ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ.

ಆದರೆ ಊಟ ಬಿಡುವುದಕ್ಕೆ ನಾನು ಒಪ್ಪುವುದಿಲ್ಲ. ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನ್ ಕಡಿಮೆಯಾದ ಹಾಗೆ ಮೂಳೆ ಬೇಗ ಸವೆಯುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷ ಇನ್ನೂ ಜಾಸ್ತಿ. ಕೊಬ್ಬು ಸೊಂಟ, ತೊಡೆ ಬಿಟ್ಟು ಹೊಟ್ಟೆಯ ಸುತ್ತ ಸೇರುತ್ತದೆ. ಆಗ ಸುಮ್ನೆ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನಿನಗೆ ಬೇಕಾಗಿರುವುದು ತೆಳ್ಳಗಾಗುವುದಲ್ಲ, ಗಟ್ಟಿಯಾಗುವುದು.

ಮಂಡ್ಯದಲ್ಲಿ ಕೂತು ಏನು ತಿನ್ನಲಿ ಅಂತ ಕೇಳುತ್ತೀಯಲ್ಲ! ಈ ವಯಸ್ಸಿನಲ್ಲಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಇನ್ನೊಂದು 240. ಮಕ್ಕಳು ಒಲ್ಲೆ ಅಂತ ಮುದ್ದೆ ಮಾಡುವುದನ್ನೇ ನಿಲ್ಲಿಸಿದ್ದೀಯಂತೆ. ಅವರಿಗೆ ಚಪಾತಿ ಮಾಡಿಕೊಡು, ನಿನಗೊಂದು ಸಣ್ಣ ಮುದ್ದೆ ಕಟ್ಟಿಕೋ. ಉಪ್ಸಾರಿಗೆ ಬೇಯಿಸಿದ ಕಾಳು, ಸೊಪ್ಪು ಬಸಿಯುತ್ತೀಯಲ್ಲ, ಆ ಪಲ್ಯ ಮೊದಲು ನಿನ್ನ ತಟ್ಟೆಗೆ ಬೀಳಲಿ. ಎಲ್ಲರಿಗೂ ಬಡಿಸಿ ಕೊನೆಗೆ ಬರೀ ಅನ್ನ, ತಿಳಿಸಾರು ಕಲಸಿಕೊಂಡು ತಿನ್ನುವ ಅಭ್ಯಾಸ ನಮ್ಮ ಮನೆ ಹೆಂಗಸರಿಗೆಲ್ಲ ಇದೆ. ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಹುರುಳಿ, ಅವರೆ, ಹೆಸರುಕಾಳು, ಮೊಸರು, ಮೊಟ್ಟೆ, ಇವುಗಳಲ್ಲಿ ಒಂದಾದರೂ ಪ್ರತಿ ಊಟಕ್ಕೂ ಇರಲಿ. ನುಗ್ಗೆಸೊಪ್ಪು ಸಿಕ್ಕಿದರೆ ಬಿಡಬೇಡ.

ಉಪ್ಸಾರಿನ ಖಾರ ಮಾತ್ರ ರಾತ್ರಿ ಕಡಿಮೆ ಹಾಕಿಕೋ. ಖಾರ, ಕುದಿಯುವ ಸಾರು, ಸ್ಟ್ರಾಂಗ್ ಕಾಫಿ, ಇವು ಬಹಳ ಜನಕ್ಕೆ ಮೈಬಿಸಿ ಎಬ್ಬಿಸುತ್ತವೆ. ಉಪ್ಪು ಜಾಸ್ತಿಯಾದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ. ಸಂಜೆ ಮೇಲೆ ಫಿಲ್ಟರ್ ಕಾಫಿ ಬಿಟ್ಟು ನೋಡು, ನಿದ್ದೆಗೂ ಒಳ್ಳೆಯದು. ಇನ್ನು, ಊರಿನ ಆಲೆಮನೆ ಬೆಲ್ಲ ಅಂತ ಎಷ್ಟು ಬೇಕಾದರೂ ತಿನ್ನಬಹುದು ಅಂದುಕೊಂಡಿದ್ದೀಯ. ಬೆಲ್ಲವೂ ಸಕ್ಕರೆಯೇ ತಾಯಿ.

ವ್ಯಾಯಾಮದ ವಿಷಯ ತೆಗೆದರೆ "ಮನೆಕೆಲಸ ಮಾಡ್ತೀನಲ್ಲ ದೊಡ್ಡಮ್ಮ" ಅಂತೀಯ. ಅದು ಸಾಲದು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು, ಅಂದರೆ ಐದು ದಿನ ಅರ್ಧರ್ಧ ಗಂಟೆ. ನಾನು ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಅಲ್ಲಿ ಕೈ ಹಿಡಿದುಕೊಂಡು ಊರಸುದ್ದಿ ಮಾತಾಡುತ್ತಾ ತೇಲಿಕೊಂಡು ಹೋಗುವವರೂ ಇದ್ದಾರೆ. ಆ ನಡಿಗೆ ಬೇಡ. ಮಾತಾಡಬಹುದು, ಹಾಡು ಹೇಳಲು ಉಸಿರು ಸಾಲದು, ಅಷ್ಟು ವೇಗ ಇರಲಿ.

ನಡಿಗೆಯೊಂದೇ ಆದರೂ ಆಗುವುದಿಲ್ಲ. ಮಾಂಸಖಂಡ ಎಳೆದಾಗಲೇ ಮೂಳೆಗೆ ಗಟ್ಟಿಯಾಗುವ ಕೆಲಸ ಸಿಗುವುದು. ಗೋಡೆಗೆ ಒತ್ತಿಟ್ಟ ಕುರ್ಚಿಯ ಮೇಲೆ ಕೂರು. ಎರಡೂ ಕೈ ಎದೆಯ ಮೇಲೆ ಕಟ್ಟಿಕೋ. ಕೈ ಊರದೆ ಎದ್ದು ನಿಲ್ಲು. ಕೂರುವಾಗ ಧೊಪ್ಪನೆ ಬೀಳಬೇಡ, ಮೂರು ಎಣಿಸುತ್ತಾ ನಿಧಾನವಾಗಿ ಇಳಿ. ಹೀಗೆ ಹತ್ತು ಸಲ. ಹಾಲು ಕಾಯುವ ತನಕ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸು. ಒಂದು ಲೀಟರ್ ನೀರಿನ ಬಾಟಲಿಯೇ ಒಂದು ಕೆಜಿ ತೂಕ, ಅದನ್ನೇ ಕೈಯಲ್ಲಿ ಹಿಡಿದು ಎತ್ತಿ ಇಳಿಸು, ಜಿಮ್ಮೇನೂ ಬೇಡ. ವಾರಕ್ಕೆ ಎರಡು ದಿನವಾದರೂ ಇದನ್ನು ಮಾಡು.

ಇಷ್ಟು ಮಾಡಿದರೆ ಮೈಬಿಸಿ ನಿಂತೇಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ನಿದ್ದೆ, ಮನಸ್ಸು, ಮೂಳೆ ಸುಧಾರಿಸುತ್ತವೆ. ಮೈಬಿಸಿ ತಡೆಯಲಾರದಷ್ಟಿದ್ದರೆ ಡಾಕ್ಟರ ಹತ್ತಿರ ಹೋಗು. ಹಾರ್ಮೋನ್ ಚಿಕಿತ್ಸೆ ಇದೆ, ಯಾರಿಗೆ ಸರಿ, ಯಾರಿಗೆ ಬೇಡ ಅಂತ ಅವರು ನೋಡಿ ಹೇಳುತ್ತಾರೆ. ಪಕ್ಕದ ಮನೆಯವರ ಮಾತ್ರೆ ನುಂಗಬೇಡ. ಥೈರಾಯ್ಡ್ ಹೆಚ್ಚುಕಮ್ಮಿಯಾದರೂ ಇದೇ ತರಹ ಆಗುತ್ತದೆ, ಅದನ್ನೂ ಶುಗರ್, ಬಿಪಿಯನ್ನೂ ನೋಡಿಸು. ಕೆಮ್ಮಿದರೆ ಮೂತ್ರ ತೊಟ್ಟಿಕ್ಕುವುದು, ಗಂಡನ ಜೊತೆ ಸೇರುವಾಗ ಉರಿ, ಇವನ್ನೂ ನಾಚಿಕೊಳ್ಳದೆ ಹೇಳು. ಎಲ್ಲಕ್ಕೂ ಪರಿಹಾರವಿದೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬೇಡ, ತಕ್ಷಣ ತೋರಿಸು.

ಅಳಿಯಂದಿರಿಗೂ ಈ ಕಾಗದ ಓದಿಸು. ನಿನ್ನ ಸಿಟ್ಟು ಎಲ್ಲಿಂದ ಬರುತ್ತಿದೆ ಅಂತ ಅವರಿಗೂ ಗೊತ್ತಾಗಲಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಣ ಅಂದಿದ್ದೆಯಲ್ಲ, ಬಾ. ಹತ್ತುವುದು ನಡೆದು, ಇಳಿಯುವುದು ಬಸ್ಸಿನಲ್ಲಿ. ಸಾವಿರ ಮೆಟ್ಟಿಲು ಇಳಿದರೆ ಮಂಡಿಗೆ ಏಟು. ಆಷಾಢದ ಶುಕ್ರವಾರ ಮಾತ್ರ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ಇಂತಿ ನಿನ್ನ
ದೊಡ್ಡಮ್ಮ