ಅರ್ಧ ರೊಟ್ಟಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಬೆಳಗಿನ ಬಸ್ಸಿಗೆ ಹೊರಟು ಹೋಗಿ ಇವತ್ತಿಗೆ ಒಂಬತ್ತು ದಿನ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಣ್ಣನ ಮದುವೆ ವಿಷಯಕ್ಕೆ ಆ ರಾತ್ರಿ ಅಡುಗೆಮನೆಯಲ್ಲಿ ಏನೇನು ಮಾತಾಯಿತು ಅಂತ ಮತ್ತೆ ಬರೆಯಲ್ಲ. ‘ನಿನ್ನ ಸಂಗಾತಿಯನ್ನ ರೂಮ್‌ಮೇಟ್ ಅಂತ ಹೇಳೋಣ’ ಅಂದವನು ನಾನು. ಅಷ್ಟು ಸಾಕು.

ಈ ಒಂಬತ್ತು ದಿನವೂ ನನ್ನ ನಿದ್ದೆ ಕೆಡಿಸಿರುವುದು ಹಳೆಯ ಇನ್ನೊಂದು ರಾತ್ರಿ. 2013, ಡಿಸೆಂಬರ್ 11. ನಿನಗಾಗ ಹದಿನಾರು. ನಾನು ಬ್ಯಾಂಕಿನಿಂದ ಬಂದು ಊಟಕ್ಕೆ ಕೂತಿದ್ದೆ. ಜೋಳದ ರೊಟ್ಟಿ, ಎಣ್ಣೆಗಾಯಿ. ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಸಲಿಂಗ ಸಂಬಂಧವನ್ನ ಅಪರಾಧ ಅನ್ನುತ್ತಿದ್ದ 377ನೇ ಕಲಂ ಬಗ್ಗೆ, ಅದು ಅಪರಾಧ ಅಲ್ಲ ಅಂತ ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟಿದ್ದ ತೀರ್ಪನ್ನು ಅವತ್ತು ಸುಪ್ರೀಂ ಕೋರ್ಟ್ ತೆಗೆದುಹಾಕಿತ್ತು. ಇಂಥವರು ದೇಶದ ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಅಂತಲೂ ಹೇಳಿತ್ತು. ನಾನು ರೊಟ್ಟಿ ಮುರಿಯುತ್ತಾ, ‘ಸರಿಯಾಗೇ ಹೇಳಿದ್ದಾರೆ, ನಾಲ್ಕು ಜನಕ್ಕೋಸ್ಕರ ಇಷ್ಟೆಲ್ಲ ಯಾಕೆ’ ಅಂದೆ.

ನೀನು ಎದ್ದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಊಟ ಬಿಟ್ಟು ಏಳಬಾರದು ಅಂತ ಗದರಿದೆ. ನೀನು ವಾಪಸ್ ಕೂತು ಆ ಅರ್ಧ ರೊಟ್ಟಿಯನ್ನ ನೀರಿನ ಜೊತೆ ನುಂಗಿದೆ. ಒಂದೊಂದು ತುತ್ತೂ ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ಆಮೇಲೆ ತಟ್ಟೆ ತೊಳೆದು, ಒರೆಸಿ, ಗೂಡಿನಲ್ಲಿ ಇಟ್ಟೆ. ನಮ್ಮನೆಯಲ್ಲಿ ತಟ್ಟೆ ಒರೆಸಿ ಇಡುವ ರೂಢಿ ಯಾವತ್ತೂ ಇರಲಿಲ್ಲ. ಅದು ನನಗೆ ಈಗ ನೆನಪಾಗುತ್ತಿದೆ. ನೀನು ಎಷ್ಟು ಹೊತ್ತು ನಮಗೆ ಬೆನ್ನು ಮಾಡಿ ನಿಂತಿದ್ದೆ ಅನ್ನೋದೂ.

ಕಂಪ್ಯೂಟರ್ ಬರೋಕೆ ಮುಂಚೆ ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಹತ್ತರವರೆಗೆ ಲೆಡ್ಜರ್ ತಿರುವಿ ಹಾಕುತ್ತಿದ್ದೆವು. ಒಂದೇ ರೂಪಾಯಿ ತಾನೆ ಅಂತ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಇದನ್ನ ನಿಮ್ಮಿಬ್ಬರಿಗೂ ಎಷ್ಟು ಸಲ ಹೇಳಿದ್ದೇನೆ. ಅಂಥವನು ಅವತ್ತು ‘ನಾಲ್ಕು ಜನ’ ಅಂದೆ. ಆ ನಾಲ್ವರಲ್ಲಿ ಒಬ್ಬಳು ನನ್ನ ಎದುರೇ ಕೂತು ರೊಟ್ಟಿ ತಿನ್ನುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. 2021ರ ನವೆಂಬರ್‌ನಲ್ಲಿ ನಮ್ಮ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಅದನ್ನ ಟಿವಿಯಲ್ಲಿ ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯವರು ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅಷ್ಟೊತ್ತಿಗೆ ನೀನು ನಮಗೆ ನಿನ್ನ ವಿಷಯ ಹೇಳಿ ಒಂದು ವರ್ಷ ಆಗಿತ್ತು. ಅದನ್ನ ಓಣಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ನಾನು ಸಣ್ಣವನಿದ್ದಾಗ ಹುಲಿಗಿಯಲ್ಲಿ ಅವ್ವ ಜೋಗತಿಯರ ಪಡಲಿಗೆ ಬುಟ್ಟಿಗೆ ಜೋಳ ಹಾಕಿ ಕಾಲಿಗೆ ಬೀಳುತ್ತಿದ್ದಳು. ಅವರಲ್ಲಿ ಒಬ್ಬರನ್ನೂ ಒಳಗೆ ಕರೆದು ಊಟಕ್ಕೆ ಕೂರಿಸಿದ್ದು ನಾನು ನೋಡಿಲ್ಲ. ಅವ್ವನಿಂದ ನಾನು ಅಷ್ಟನ್ನೇ ಕಲಿತೆ ಅನ್ನಿಸುತ್ತೆ.

ಈಗ ಓದುತ್ತಾ ಕೂತಿದ್ದೇನೆ. 377 ಇಂಗ್ಲಿಷರು 1860ರಲ್ಲಿ ತಂದಿಟ್ಟಿದ್ದಂತೆ. 1871ರಲ್ಲಿ ಹಿಜಡಾಗಳ ಹೆಸರು ಬರೆದಿಡೋಕೆ ಇನ್ನೊಂದು ಕಾಯ್ದೆ. ಅದು ಇಂಗ್ಲಿಷರ ಕಾಲದ್ದು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, 2011ರಲ್ಲಿ ನಮ್ಮ ಕರ್ನಾಟಕದ್ದೇ ಪೊಲೀಸ್ ಕಾಯ್ದೆಗೆ ಅಂಥದ್ದೇ ಕಲಂ ಸೇರಿಸಿದ್ದರು. ಆ ಸಮುದಾಯದವರೇ ಹೈಕೋರ್ಟ್‌ಗೆ ಹೋಗಿ ಹೋರಾಡಬೇಕಾಯಿತು. ಅದೇ ರಾಜ್ಯ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಅವರಿಗೆ ಶೇ. 1 ಮೀಸಲಾತಿ ಕೊಟ್ಟಿತು. ಮತ್ತೆ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ! ನಮ್ಮ ಹೈಕೋರ್ಟಿನಲ್ಲಿದ್ದವರು. ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಅವರ ಆ ಕೇಸಿನಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂದಿದ್ದು. ಮರುವರ್ಷ 377 ಬೀಳೋಕೆ ಅದೂ ದಾರಿ ಮಾಡಿಕೊಟ್ಟಿತು.

2018, ಸೆಪ್ಟೆಂಬರ್ 6. ಅವತ್ತು ಮಧ್ಯಾಹ್ನ ನೀನು ಹಾಸ್ಟೆಲ್‌ನಿಂದ ಫೋನ್ ಮಾಡಿ ಅಳುತ್ತಿದ್ದೆ. ಏನಾಯಿತು ಅಂತ ಗಾಬರಿಯಿಂದ ಕೇಳಿದೆ. ‘ಏನಿಲ್ಲಪ್ಪ, ಸುಮ್ನೆ ಖುಷಿಯಾಗಿದೆ’ ಅಂದೆ. ‘ಸರಿ, ಊಟ ಮಾಡು’ ಅಂತ ಇಟ್ಟುಬಿಟ್ಟೆ. ಅವತ್ತು 377ರ ತೀರ್ಪು ಕೊಟ್ಟ ಐವರು ನ್ಯಾಯಮೂರ್ತಿಗಳಲ್ಲಿ ಇಂದು ಮಲ್ಹೋತ್ರಾ ಅವರು ಒಂದು ಮಾತು ಬರೆದಿದ್ದಾರೆ: ಇಷ್ಟು ವರ್ಷ ತಡವಾಗಿದ್ದಕ್ಕೆ ಇತಿಹಾಸ ಈ ಜನರಿಗೂ ಅವರ ಕುಟುಂಬದವರಿಗೂ ಕ್ಷಮೆ ಕೇಳಬೇಕು ಅಂತ. ‘ಕುಟುಂಬ’ ಅನ್ನೋ ಕಡೆ ನನಗೆ ಮುಂದೆ ಓದೋಕೆ ಆಗಲಿಲ್ಲ. ನಾನು ಕ್ಷಮೆ ಕೇಳಬೇಕಾದವನು. ಕೇಳುತ್ತಿದ್ದೇನೆ, ಪುಟ್ಟಿ.

ಈಗ ಸ್ವಲ್ಪ ಕೋಪ ಮಾಡಿಕೊಳ್ಳದೆ ಕೇಳು. ನಾನು ಊರಿನವರಿಗೆ ಹೆದರುತ್ತೇನೆ ಅಂದೆಯಲ್ಲ, ಅದು ನಿಜ. ಆದರೆ ಅದಕ್ಕಿಂತ ದೊಡ್ಡ ಭಯ ಇದೆ. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಇಲ್ಲ ಅಂದುಬಿಟ್ಟಿತು ಕೋರ್ಟ್. ನಾಳೆ ಮಧ್ಯರಾತ್ರಿ ನಿನಗೆ ಏನಾದರೂ ಆದರೆ, ಆಸ್ಪತ್ರೆಯಲ್ಲಿ ‘ನೀವು ಅವರಿಗೆ ಏನಾಗಬೇಕು’ ಅಂತ ಅವಳನ್ನ ಕೇಳುತ್ತಾರೆ. ನಾನು ಹೊಸಪೇಟೆಯಿಂದ ಬರೋ ಹೊತ್ತಿಗೆ ಬೆಳಗಾಗಿರುತ್ತೆ. ನಾನು ಇಲ್ಲದ ಕಾಲಕ್ಕೆ ಬೆಳಗಾದರೂ ಯಾರೂ ಬರಲ್ಲ.

ಅದಕ್ಕೇ ಹೇಳೋದು, ಕಾಗದ ಪತ್ರ ಸರಿ ಮಾಡಿಕೊಳ್ಳಿ. ನಿಮ್ಮಂಥ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ಒಬ್ಬರಿಗೊಬ್ಬರು ನಾಮಿನಿ ಆಗಬಹುದು ಅಂತ 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವೇ ಸ್ಪಷ್ಟ ಮಾಡಿದೆ. ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೆ ಮ್ಯಾನೇಜರ್ ಹತ್ತಿರ ಹೋಗು, ತಲೆ ತಗ್ಗಿಸಬೇಡ. ನಾಮಿನಿ ಆದರೆ ಹಣ ಕೈಗೆ ಬರುತ್ತೆ ಅಷ್ಟೇ, ಅದು ಅವಳದೇ ಆಗಬೇಕು ಅಂದರೆ ವಿಲ್ ಬೇಕು. ಇಬ್ಬರು ಸಾಕ್ಷಿ ಬೇಕು, ಅವಳೇ ಸಾಕ್ಷಿ ಹಾಕಬಾರದು. ಇಪ್ಪತ್ತೆಂಟಕ್ಕೆ ವಿಲ್ ಯಾಕೆ ಅನ್ನಬೇಡ. ಹೆಲ್ತ್ ಇನ್ಶೂರೆನ್ಸ್ ಕಂತು ಕಟ್ಟಿದ್ದೀಯಾ? ಸ್ಕೂಟರ್‌ನಲ್ಲಿ ಹೋಗುವಾಗ ಹಿಂದೆ ಕೂತವಳೂ ಹೆಲ್ಮೆಟ್ ಹಾಕಬೇಕು.

ದೊಡ್ಡಪ್ಪನಿಗೆ ಹೇಗೆ ಹೇಳಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ನಾಳೆ ಭಾನುವಾರ ಹೋಗಿ ಬರುತ್ತೇನೆ. ಮಾತು ಹೇಗೆ ಹೋಗುತ್ತೋ ನೋಡೋಣ, ಹೇಳದೆ ಮಾತ್ರ ವಾಪಸ್ ಬರಲ್ಲ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮದುವೆಗೆ ಎರಡು ದಿನ ಮುಂಚಿನ ಟಿಕೆಟ್ ಮಾಡಿಸಿದ್ದೇನೆ, ಎರಡು ಸೀಟು. ಅವಳ ವಯಸ್ಸು ಗೊತ್ತಿರಲಿಲ್ಲ, ನಿನ್ನದೇ ಹಾಕಿದ್ದೇನೆ. ಅಮ್ಮ ಮನೆಯವರಿಗೆಲ್ಲ ಸೀರೆ ತೆಗೆಯೋಕೆ ಹೊರಟಿದ್ದಾಳೆ. ಅವಳ ಬ್ಲೌಸಿನ ಅಳತೆ ಬೇಕಂತೆ, ಬುಧವಾರದೊಳಗೆ ಕಳಿಸಬೇಕಂತೆ.

ಇಂತಿ ನಿನ್ನ
ಅಪ್ಪ