ರೂಪಾಯಿ ಯಾಕೆ ಜಾರುತ್ತದೆ?

ಮಾನ್ಯರೇ,

ರೂಪಾಯಿ ಬೆಲೆ ಇಳಿದಾಗಲೆಲ್ಲ ವಿರೋಧ ಪಕ್ಷದವರಿಗೆ ಅದು ದೇಶದ ಮರ್ಯಾದೆಯ ಪ್ರಶ್ನೆ. ಅಧಿಕಾರಕ್ಕೆ ಬಂದ ಮೇಲೆ ಅವರೇ ಡಾಲರ್ ಕಡೆ ಬೊಟ್ಟು ಮಾಡುತ್ತಾರೆ. ಎಲ್ಲ ಪಕ್ಷಗಳೂ ಹೀಗೇ, ಬಿಡಿ.

ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿನಿಂದ ಬರುತ್ತದೆ. ಅಡುಗೆ ಎಣ್ಣೆಯಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು. ಚಿನ್ನದ ಆಸೆಯಂತೂ ಕೇಳಲೇಬೇಡಿ. ಇದಕ್ಕೆಲ್ಲ ಡಾಲರ್ ಬೇಕು. ನಾವು ಸರಕು ಮಾರಿ ಗಳಿಸುವ ಡಾಲರ್ ಸಾಲುವುದಿಲ್ಲ. ಜತೆಗೆ ನಮ್ಮಲ್ಲಿ ಬೆಲೆ ಏರಿಕೆ ಸಾಮಾನ್ಯವಾಗಿ ಅಮೆರಿಕಕ್ಕಿಂತ ಜೋರು, ಅಂದರೆ ರೂಪಾಯಿಯ ಕೊಳ್ಳುವ ಶಕ್ತಿ ಡಾಲರಿಗಿಂತ ಬೇಗ ಕರಗುತ್ತದೆ. 2022ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತ ಹೋಯಿತು. ಅಲ್ಲೇ ಒಳ್ಳೆಯ ಬಡ್ಡಿ ಸಿಗುವಾಗ ಇಲ್ಲಿ ಷೇರುಗಳಲ್ಲಿ ಹೂಡಿದ್ದ ವಿದೇಶಿ ಹಣ ವಾಪಸ್ ಹೊರಟಿತು, ಡಾಲರ್ 80 ರೂಪಾಯಿ ದಾಟಿತು.

ರೂಪಾಯಿ ಇಳಿದರೆ ರಫ್ತಿಗೆ ಒಳ್ಳೆಯದು ಎನ್ನುವವರೂ ಇದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ, ನಮ್ಮ ಕಾಫಿಗೆ ಲಾಭ ನಿಜ. ಆದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಪೂರ್ತಿ ಆಮದಿನದೇ ಅಲ್ವಾ? ಡೀಸೆಲ್ ತಯಾರಾಗುವುದೂ ಬಹುಪಾಲು ಆಮದು ಕಚ್ಚಾ ತೈಲದಿಂದಲೇ. ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಕುಸಿತ ನಿಧಾನ ಮಾಡಬಹುದು. ಆ ದಾಸ್ತಾನಿಗೂ ಮಿತಿಯಿದೆ. 1991ರಲ್ಲಿ ಅದು ಬರಿದಾಗುತ್ತ ಬಂದಾಗ ಚಿನ್ನ ಅಡ ಇಟ್ಟು, ರೂಪಾಯಿ ಬೆಲೆಯನ್ನು ಸರ್ಕಾರವೇ ಇಳಿಸಬೇಕಾಯಿತು.

– ಒಬ್ಬ ಓದುಗ, ಸಕಲೇಶಪುರ